ಮಂಗಗಳೂ ಏಡ್ಸ್ ವೈರಸ್ಸೂ: ಒಂದು ಪ್ರಶ್ನೆಗೆ ಉತ್ತರ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ವಿದ್ಯಾರ್ಥಿಗಳು ತಾವು ಬಲ್ಲ ಒಂದು ವಿಷಯವನ್ನು ಊರಿನವರಿಗೆ ಅರ್ಥವಾಗುವಂತೆ ಅರ್ಧ ಗಂಟೆ ಹೇಳಬೇಕು ಎಂದು ಮಹೋತ್ಸವ ಸಮಿತಿಯವರು ಕೇಳಿದರು. ನಾನು ಪಶುವೈದ್ಯ. ಮೂವತ್ತು ವರ್ಷದಿಂದ ಸೂಕ್ಷ್ಮಜೀವಿಶಾಸ್ತ್ರದ ಪಾಠ ಮಾಡುತ್ತಿದ್ದೇನೆ. ದನಗಳ ಕಾಲುಬಾಯಿ ಜ್ವರದ ಬಗ್ಗೆ ಹೇಳೋಣ ಅಂತ ಒಂದಿಷ್ಟು ಬರೆದುಕೊಂಡೂ ಇದ್ದೆ. ಆದರೆ ಹೋದ ತಿಂಗಳು ಪೂರ್ವಸಿದ್ಧತೆಯ ಸಭೆಗೆ ಬಂದಾಗ ನನ್ನ ವಿಷಯ ಬದಲಾಯಿತು.

ಸಭೆ ಮುಗಿಸಿ ಜಗಲಿಯ ಮೇಲೆ ನಿಂತಿದ್ದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬಂದು ಕೇಳಿದಳು: "ಸಾರ್, ನೀವು ಪ್ರಾಣಿ ಡಾಕ್ಟರಂತೆ. ಏಡ್ಸ್ ಮಂಗನಿಂದ ಬಂದಿದ್ದಂತೆ, ಹೌದಾ? ಹಾಗಾದ್ರೆ ಬಿಸಿಯೂಟದ ಹೊತ್ತಿಗೆ ನಮ್ಮ ಶಾಲೆ ಹತ್ರ ಬರೋ ಮಂಗಕ್ಕೂ ಅದು ಇರತ್ತಾ?"

ಹಿಂದೆ ನಿಂತಿದ್ದ ಹುಡುಗರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಇದು ಬಹಳ ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡ ವಿಜ್ಞಾನಿಗಳು ನಲವತ್ತು ವರ್ಷದಿಂದ ಇದೇ ಪ್ರಶ್ನೆಯ ಸುತ್ತ ಕೆಲಸ ಮಾಡುತ್ತಿದ್ದಾರೆ. ಇವತ್ತಿನ ನನ್ನ ಮಾತೆಲ್ಲ ಆ ಹುಡುಗಿಗೆ ಕೊಡುವ ಉತ್ತರ. ಈ ಸಂಶೋಧನೆ ನನ್ನದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದವನು, ಪಾಠ ಮಾಡಿದವನು, ಅಷ್ಟೇ.

ಚಿಕ್ಕ ಉತ್ತರವನ್ನು ಮೊದಲು ಹೇಳುತ್ತೇನೆ. ಇಲ್ಲ ಮಗೂ, ನಮ್ಮ ಶಾಲೆಯ ಹತ್ತಿರ ಬರುವ ಮಂಗಗಳಿಗೆ ಅದು ಇಲ್ಲ. ನಮ್ಮ ಕೋತಿಯಾಗಲಿ, ಮುಸಿಯವಾಗಲಿ, ಘಟ್ಟದ ಸಿಂಗಳೀಕವಾಗಲಿ, ಏಷ್ಯಾ ಖಂಡದ ಕಾಡಿನ ಯಾವ ಮಂಗದಲ್ಲೂ ಏಡ್ಸ್ ವೈರಸ್ಸಿನ ಬಳಗಕ್ಕೆ ಸೇರಿದ ವೈರಸ್ ಸಹಜವಾಗಿ ಇರುವುದು ಕಂಡುಬಂದಿಲ್ಲ. ಆ ಬಳಗ ಇರುವುದು ಆಫ್ರಿಕದ ಮಂಗಗಳಲ್ಲಿ.

ನಮ್ಮ ಭಾಗದಲ್ಲಿ ಈ ಗೊಂದಲ ಹುಟ್ಟುವುದಕ್ಕೆ ಒಂದು ಕಾರಣವಿದೆ. ಮಲೆನಾಡಿನವರಾದ ನಮಗೆ ಕಾಡಿನಲ್ಲಿ ಮಂಗ ಸತ್ತುಬಿದ್ದಿದೆ ಎಂದರೆ ಎದೆ ಧಸಕ್ ಎನ್ನುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆಗೆ ನಾವು ಮಂಗನ ಕಾಯಿಲೆ ಎಂದೇ ಹೆಸರಿಟ್ಟಿದ್ದೇವೆ. ಆದರೆ ಅದು ಬೇರೆಯೇ ವೈರಸ್. ಅದು ಹರಡುವುದು ಉಣುಗಿನಿಂದ. ಅದು ತಗುಲಿದರೆ ಮುಸಿಯವೂ ಕೋತಿಯೂ ನಮ್ಮ ಹಾಗೆಯೇ ನರಳಿ ಸಾಯುತ್ತವೆ. ಏಡ್ಸಿಗೂ ಅದಕ್ಕೂ ಸಂಬಂಧವಿಲ್ಲ. ಸತ್ತ ಮಂಗವನ್ನು ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎಂಬ ಎಚ್ಚರಿಕೆ ಮಾತ್ರ ನಿಮ್ಮ ನೆನಪಿನಲ್ಲಿರಲಿ. ಈಗ ಆಫ್ರಿಕಕ್ಕೆ ಹೋಗೋಣ.

ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1983ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನ್ಯೇ ಅವರ ತಂಡ ಒಬ್ಬ ರೋಗಿಯ ದೇಹದಿಂದ ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿತು. ಅದಕ್ಕೇ ಮುಂದೆ ಎಚ್‌ಐವಿ ಎಂದು ಹೆಸರಾಯಿತು. ಅವರಿಬ್ಬರಿಗೂ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1986ರಲ್ಲಿ ಚೆನ್ನೈಯಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಅವರ ತಂಡ ನಮ್ಮ ದೇಶದ ಮೊದಲ ಪ್ರಕರಣಗಳನ್ನು ಪತ್ತೆ ಮಾಡಿತು.

ಈ ವೈರಸ್ ನಮ್ಮ ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ಕಣಗಳ ಒಳಗೆ ಸೇರಿಕೊಳ್ಳುತ್ತದೆ. ಅವು ದೇಹದ ಕಾವಲು ಪಡೆಯ ಯಜಮಾನ ಕಣಗಳು. ಯಾವ ರೋಗಾಣು ಬಂತು, ಅದರ ಮೇಲೆ ಯಾರು ಹೋಗಬೇಕು ಎಂದು ಹೇಳುವವು ಅವೇ. ವರ್ಷಗಳು ಕಳೆದಂತೆ ಅವು ಕಡಿಮೆಯಾಗುತ್ತವೆ. ಔಷಧವಿಲ್ಲದಿದ್ದರೆ ಸುಮಾರು ಹತ್ತು ವರ್ಷಕ್ಕೆ ಕ್ಷಯ, ನ್ಯುಮೋನಿಯಾ, ಭೇದಿ ಹೀಗೆ ಯಾವುದೋ ಒಂದು ಬಂದು ಮನುಷ್ಯ ಕೈಬಿಟ್ಟುಹೋಗುತ್ತಾನೆ. ಆ ಸ್ಥಿತಿಗೆ ಏಡ್ಸ್ ಎನ್ನುತ್ತಾರೆ.

ಈಗ ಮಂಗಗಳ ಕತೆ. ಅದು ಶುರುವಾಗುವುದು ಆಫ್ರಿಕದಲ್ಲಲ್ಲ, ಅಮೆರಿಕದಲ್ಲಿ. ಅದೂ ಕುಷ್ಠರೋಗದ ಪ್ರಯೋಗವೊಂದರಲ್ಲಿ.

ಲೂಯಿಸಿಯಾನಾ ರಾಜ್ಯದಲ್ಲಿ ಮಂಗಗಳ ಸಂಶೋಧನಾ ಕೇಂದ್ರವೊಂದಿದೆ. ಸೂಟಿ ಮ್ಯಾಂಗಬೇ ಎಂಬ, ಪಶ್ಚಿಮ ಆಫ್ರಿಕದ ಬೂದಿ ಬಣ್ಣದ ಒಂದು ಮಂಗಕ್ಕೆ ಕುಷ್ಠ ಇರುವುದು ಕಂಡುಬಂದಿತ್ತು. ಕುಷ್ಠರೋಗಾಣುವನ್ನು ಗಾಜಿನ ಕೊಳವೆಯಲ್ಲಿ ಬೆಳೆಸಲು ಬರುವುದಿಲ್ಲ. ಆದ್ದರಿಂದ ಆ ಮಂಗದ ಗಾಯದ ಅಂಗಾಂಶವನ್ನು ರೀಸಸ್ ಕೋತಿಗಳಿಗೆ ಚುಚ್ಚಿ ಕುಷ್ಠ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಿದ್ದರು. ಕೆಲವು ರೀಸಸ್ ಕೋತಿಗಳು ನಿರೀಕ್ಷೆಗೆ ಮೀರಿ ಸೊರಗಿದವು. ಮೈ ಇಳಿಯಿತು, ಭೇದಿ ನಿಲ್ಲಲಿಲ್ಲ, ಸಣ್ಣ ಸಣ್ಣ ಸೋಂಕಿಗೆ ಸತ್ತವು. ನೋಡಿದರೆ ಏಡ್ಸಿನದೇ ಚಹರೆ. ಮ್ಯಾಂಗಬೇಯ ಅಂಗಾಂಶದಲ್ಲಿ ಕುಷ್ಠದ ಜೊತೆಗೆ ಇನ್ನೊಂದು ಅತಿಥಿಯೂ ಇತ್ತು. ಎಚ್‌ಐವಿಯ ದಾಯಾದಿಯಾದ ಆ ವೈರಸ್ಸಿಗೆ ಎಸ್‌ಐವಿ ಎಂದು ಹೆಸರು. 1985ರಲ್ಲಿ ಅಮೆರಿಕದ ಇನ್ನೊಂದು ಕೇಂದ್ರದ ಕಾಯಿಲೆ ಬಿದ್ದ ರೀಸಸ್ ಕೋತಿಗಳಲ್ಲಿಯೂ ಅದು ಸಿಕ್ಕಿತು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ವೈರಸ್ ಕೊಟ್ಟ ಮ್ಯಾಂಗಬೇಗೆ ಅದರಿಂದ ಏನೂ ಆಗಿರಲಿಲ್ಲ. ತೆಗೆದುಕೊಂಡ ರೀಸಸ್ ಕೋತಿ ಸತ್ತಿತು. ವೈರಸ್ ಒಂದೇ, ಮೈ ಎರಡು, ಫಲ ಎರಡು.

ಮ್ಯಾಂಗಬೇಯ ದೇಹದಲ್ಲಿ ವೈರಸ್ ಕಡಿಮೆ ಇರಬೇಕು, ಅದಕ್ಕೇ ಅದು ಬದುಕಿದೆ ಎಂದು ಯಾರಿಗಾದರೂ ಅನಿಸುತ್ತದೆ. ವಿಜ್ಞಾನಿಗಳಿಗೂ ಹಾಗೆಯೇ ಅನಿಸಿತ್ತು. ಎಣಿಸಿ ನೋಡಿದರು. ಒಂದು ಮಿಲಿಲೀಟರ್ ರಕ್ತದಲ್ಲಿ ಲಕ್ಷದ ಲೆಕ್ಕದಲ್ಲಿ ವೈರಸ್! ಔಷಧ ತೆಗೆದುಕೊಳ್ಳದ ಎಚ್‌ಐವಿ ಸೋಂಕಿತನಲ್ಲಿ ಇರುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಆದರೂ ಮಂಗ ಮರ ಹತ್ತುತ್ತದೆ, ಮರಿ ಹಾಕುತ್ತದೆ, ಮುದಿಯಾಗಿ ಸಾಯುತ್ತದೆ. ಅಪರೂಪಕ್ಕೆ ಒಂದು, ಬಹಳ ವರ್ಷ ವೈರಸ್ ಹೊತ್ತ ಮೇಲೆ ಏಡ್ಸಿಗೆ ಗುರಿಯಾಗಿದ್ದುಂಟು. ಅದು ಅಪವಾದ.

ಮ್ಯಾಂಗಬೇ ಒಂದೇ ಅಲ್ಲ. ಆಫ್ರಿಕದಲ್ಲಿ 40ಕ್ಕೂ ಹೆಚ್ಚು ಜಾತಿಯ ವಾನರಗಳಲ್ಲಿ ಎಸ್‌ಐವಿ ಇದೆ. ಸಾಮಾನ್ಯವಾಗಿ ಪ್ರತಿಯೊಂದು ಜಾತಿಗೂ ಅದರದೇ ಆದ ಎಸ್‌ಐವಿ. ಆಫ್ರಿಕದ ಹಸಿರು ಕೋತಿಗಳಿಗೆ ಒಂದು, ಬಣ್ಣದ ಮೂತಿಯ ಮ್ಯಾಂಡ್ರಿಲ್‌ಗಳಿಗೆ ಇನ್ನೊಂದು. ಚೆನ್ನಾಗಿ ಪರೀಕ್ಷಿಸಿದ ಜಾತಿಗಳಲ್ಲಿ ಹೆಚ್ಚಿನವು ಮ್ಯಾಂಗಬೇಯ ಹಾಗೆಯೇ ವೈರಸ್ಸನ್ನು ಹೊತ್ತುಕೊಂಡು ನೆಮ್ಮದಿಯಾಗಿವೆ.

ರೀಸಸ್ ಕೋತಿಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದು ನಮ್ಮ ದೇಶದ್ದು. ನಮ್ಮ ಕಡೆಯ ಕೋತಿಗೆ ಬಾಲ ಉದ್ದ, ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕೂದಲು. ರೀಸಸ್ ಉತ್ತರ ಭಾರತದ್ದು, ಬಾಲ ಗಿಡ್ಡ. ಪೋಲಿಯೊ ಲಸಿಕೆಯ ಕಾಲದಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಂದ ಅಮೆರಿಕಕ್ಕೆ ರಫ್ತಾದವು. 1978ರಲ್ಲಿ ನಮ್ಮ ಸರ್ಕಾರ ರಫ್ತನ್ನು ನಿಲ್ಲಿಸಿತು. ಅಲ್ಲಿ ಉಳಿದವುಗಳ ಮರಿ ಮೊಮ್ಮಕ್ಕಳ ಮೇಲೆಯೇ ಏಡ್ಸ್ ಸಂಶೋಧನೆಯ ಬಹುಪಾಲು ನಡೆದಿದೆ. ಎಸ್‌ಐವಿ ಕೊಟ್ಟರೆ ಭಾರತ ಮೂಲದ ರೀಸಸ್ ಕೋತಿಗೆ ಚೀನಾ ಮೂಲದ ರೀಸಸ್ ಕೋತಿಗಿಂತ ಬೇಗ ರೋಗ ಏರುತ್ತದೆ. ಅನೇಕಕ್ಕೆ ಒಂದೆರಡು ವರ್ಷದಲ್ಲೇ ಏಡ್ಸ್ ಬರುತ್ತದೆ. ಒಂದೇ ಜಾತಿಯೊಳಗೂ ಇಷ್ಟು ವ್ಯತ್ಯಾಸ.

ಹಾಗಾದರೆ ಮ್ಯಾಂಗಬೇಯ ಮೈ ಏನು ಮಾಡುತ್ತದೆ? ಇದನ್ನು ನಮ್ಮ ಗದ್ದೆಯ ಭಾಷೆಯಲ್ಲಿ ಹೇಳುತ್ತೇನೆ.

ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ನುಗ್ಗುತ್ತದೆ. ಮೊದಲ ರಾತ್ರಿ ಊರಿಗೆ ಊರೇ ಎದ್ದು ಡಬ್ಬ ಬಡಿದು, ಕೂಗಿ, ಬ್ಯಾಟರಿ ಬಿಟ್ಟು ಓಡಿಸುತ್ತದೆ. ಅದು ಬೇಕಾದದ್ದೇ. ಆದರೆ ಹಂದಿ ಕಾಡಿನಲ್ಲೇ ಇರುವ ಪ್ರಾಣಿ. ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ದಿನಾ ರಾತ್ರಿ ಊರಿನವರೆಲ್ಲ ಗದ್ದೆಯ ತುಂಬ ಓಡಾಡಿದರೆ ಏನಾಗುತ್ತದೆ? ಹಂದಿ ತಿಂದದ್ದಕ್ಕಿಂತ ನಾವು ತುಳಿದದ್ದು ಹೆಚ್ಚಾಗುತ್ತದೆ. ನಿದ್ದೆಗೆಟ್ಟು ಜನ ಕಾಯಿಲೆ ಬೀಳುತ್ತಾರೆ. ಕೊನೆಗೆ ಕಾಯುವವರೂ ಇಲ್ಲ, ಬೆಳೆಯೂ ಇಲ್ಲ.

ರೀಸಸ್ ಕೋತಿಯಲ್ಲಿ ಮತ್ತು ಮನುಷ್ಯನಲ್ಲಿ ಆಗುವುದು ಇದೇ. ವೈರಸ್ ಹೊಕ್ಕ ಮೇಲೆ ರೋಗನಿರೋಧಕ ಪಡೆ ಎದ್ದದ್ದು ಎದ್ದೇ ಇರುತ್ತದೆ, ವರ್ಷಗಟ್ಟಲೆ. ಎಚ್ಚೆತ್ತು ಓಡಾಡುವ ಸಿಡಿ4 ಕಣಗಳೇ ವೈರಸ್ಸಿಗೆ ಸುಲಭದ ತುತ್ತು. ಪಡೆ ಹೆಚ್ಚು ಎದ್ದಷ್ಟೂ ವೈರಸ್ಸಿಗೆ ಹೆಚ್ಚು ಮನೆ.

ಮ್ಯಾಂಗಬೇಯಲ್ಲೂ ಹಸಿರು ಕೋತಿಯಲ್ಲೂ ಮೊದಲ ಕೆಲವು ವಾರ ಪಡೆ ಜೋರಾಗಿಯೇ ಏಳುತ್ತದೆ. ಅವು ಸೋಮಾರಿ ಮೈಗಳಲ್ಲ. ಆದರೆ ಕೆಲವೇ ವಾರಗಳಲ್ಲಿ ಗದ್ದಲ ಇಳಿಯುತ್ತದೆ. ವೈರಸ್ ಇದ್ದೇ ಇರುತ್ತದೆ, ಪಡೆ ಮಾತ್ರ ಮಾಮೂಲಿಗೆ ಮರಳುತ್ತದೆ.

ಎರಡನೆಯದು ಕರುಳಿನ ಗೋಡೆ. ನಮ್ಮ ಕರುಳಿನೊಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇವೆ. ಗೋಡೆ ಕೆರೆಯ ಏರಿಯ ಹಾಗೆ ಅವುಗಳನ್ನು ಒಳಗೇ ತಡೆದಿಟ್ಟಿರುತ್ತದೆ. ಮನುಷ್ಯನಲ್ಲೂ ರೀಸಸ್ ಕೋತಿಯಲ್ಲೂ ಸೋಂಕಿನಿಂದ ಆ ಏರಿ ಜಿನುಗಲು ಶುರುವಾಗುತ್ತದೆ. ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಇಳಿದು ಪಡೆಯನ್ನು ಮತ್ತೆ ಮತ್ತೆ ಕೆಣಕುತ್ತವೆ. ಮ್ಯಾಂಗಬೇಯ ಏರಿ ಗಟ್ಟಿಯಾಗಿ ಉಳಿಯುತ್ತದೆ.

ಮೂರನೆಯದು ಬಿತ್ತನೆ ಬೀಜದ ಕಣಜ. ಮಳೆ ಕೈಕೊಟ್ಟು ಉಣ್ಣಲು ಇಲ್ಲದಿದ್ದರೂ ಬೀಜದ ಭತ್ತಕ್ಕೆ ನಮ್ಮ ಹಿರಿಯರು ಕೈ ಹಾಕುತ್ತಿರಲಿಲ್ಲ. ಸಿಡಿ4 ಕಣಗಳಲ್ಲೂ ಹಾಗೆ, ಬಹಳ ಕಾಲ ಬದುಕಿ ಮುಂದಿನ ಪೀಳಿಗೆಯ ಕಣಗಳನ್ನು ಹುಟ್ಟಿಸುವ ಕೆಲವು ಇವೆ. ಅವು ಬೀಜ. ವೈರಸ್ ಕಣದೊಳಗೆ ಹೋಗಬೇಕಾದರೆ ಸಿಡಿ4 ಎಂಬ ಬಾಗಿಲು ಸಾಲದು, ಸಿಸಿಆರ್5 ಎಂಬ ಚಿಲಕವೂ ಬೇಕು. ಮ್ಯಾಂಗಬೇಯ ಬೀಜದ ಕಣಗಳಲ್ಲಿ ಈ ಚಿಲಕ ಬಹಳ ಕಡಿಮೆ. ವೈರಸ್ ಹೊರಗಿನ, ಹೇಗೂ ಬೇಗ ಸಾಯುವ ಕಣಗಳಲ್ಲಿ ಬೆಳೆದುಕೊಳ್ಳುತ್ತದೆ. ಕಣಜ ಉಳಿಯುತ್ತದೆ.

ಹಸಿರು ಕೋತಿಯದು ಇನ್ನೊಂದು ಉಪಾಯ. ಅದರ ಸಿಡಿ4 ಕಣ ಅನುಭವಸ್ಥ ಕಣವಾಗುತ್ತಿದ್ದಂತೆ ಸಿಡಿ4 ಎಂಬ ಬಾಗಿಲನ್ನೇ ಕಳಚಿ ಹಾಕಿಬಿಡುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ. ಬಾಗಿಲೇ ಇಲ್ಲದ ಮನೆಗೆ ಕಳ್ಳ ಎಲ್ಲಿಂದ ನುಗ್ಗಬೇಕು?

ಇಷ್ಟು ಕೇಳಿ ವೈರಸ್ ದಡ್ಡ ಎಂದುಕೊಳ್ಳಬೇಡಿ. ಕೆಂಪು ಟೋಪಿಯ ಮ್ಯಾಂಗಬೇ ಎಂಬ ಇನ್ನೊಂದು ಜಾತಿಯಿದೆ. ಅದರಲ್ಲಿ ಬಹಳಷ್ಟಕ್ಕೆ ಆ ಚಿಲಕ ಹುಟ್ಟಿನಿಂದಲೇ ಮುರಿದಿರುತ್ತದೆ. ಅದರ ಎಸ್‌ಐವಿ ಏನು ಮಾಡಿತು ಗೊತ್ತೇ? ಸಿಸಿಆರ್2 ಎಂಬ ಪಕ್ಕದ ಚಿಲಕ ತೆಗೆಯುವುದನ್ನು ಕಲಿತುಕೊಂಡಿತು. ಹೀಗೆ ಮೈ ಒಂದು ಹೆಜ್ಜೆ ಇಟ್ಟರೆ ವೈರಸ್ ಒಂದು ಹೆಜ್ಜೆ ಇಡುತ್ತದೆ.

ಈ ಆಟ ಎಷ್ಟು ಹಳೆಯದು? ಆಫ್ರಿಕದ ಪಶ್ಚಿಮ ತೀರದ ಆಚೆ ಬಿಯೊಕೊ ಎಂಬ ದ್ವೀಪವಿದೆ. ಸುಮಾರು 10,000 ವರ್ಷದ ಹಿಂದೆ ಸಮುದ್ರ ಏರಿ ಅದು ಮುಖ್ಯ ಭೂಮಿಯಿಂದ ಬೇರೆಯಾಯಿತು. ದ್ವೀಪದ ಮಂಗಗಳಲ್ಲೂ ಆಚೆಯ ಭೂಮಿಯ ಮಂಗಗಳಲ್ಲೂ ಇರುವ ಎಸ್‌ಐವಿಗಳನ್ನು ಹೋಲಿಸಿ 2010ರಲ್ಲಿ ಒಂದು ತಂಡ ಲೆಕ್ಕ ಹಾಕಿತು. ಈ ವೈರಸ್ ಬಳಗಕ್ಕೆ ಕಡಿಮೆಯೆಂದರೂ 32,000 ವರ್ಷ ವಯಸ್ಸು. ಅದಕ್ಕಿಂತ ಬಹಳ ಹಳೆಯದೂ ಇರಬಹುದು.

ಮಕ್ಕಳೇ, ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಒಂದು ಮಂಗ ಕುಳಿತು ಯೋಚಿಸಿ ಸಮಾಧಾನ ಕಲಿಯಲಿಲ್ಲ. ಯಾವ ಮಂಗದ ಮೈ ವೈರಸ್ಸಿಗೆ ಅತಿಯಾಗಿ ರೇಗಿತೋ ಅದು ಮರಿ ಹಾಕುವ ಮೊದಲೇ ಸತ್ತಿರಬೇಕು. ಯಾವುದರ ಮೈ ತಡೆದುಕೊಂಡಿತೋ ಅದರ ಸಂತಾನ ಉಳಿಯಿತು. ಹಾಗೆ ಸಾವಿರಾರು ತಲೆಮಾರು. ಇವತ್ತಿನ ಮ್ಯಾಂಗಬೇಯ ನೆಮ್ಮದಿಯ ಹಿಂದೆ ಲೆಕ್ಕಕ್ಕೆ ಸಿಗದ ಸಾವುಗಳಿವೆ.

ಹಳೆಯದಾದ ಮಾತ್ರಕ್ಕೆ ಎಲ್ಲ ವೈರಸ್ಸೂ ಸಾಧುವಾಗುತ್ತದೆ ಎಂದೂ ತಿಳಿಯಬಾರದು. ಮ್ಯಾಂಗಬೇಯ ವೈರಸ್ ಸಾಧುವಾಗಿದ್ದರೆ ರೀಸಸ್ ಕೋತಿಯನ್ನೂ ಬಿಡಬೇಕಿತ್ತಲ್ಲ? ಅದು ಬಿಡಲಿಲ್ಲ. ಪಳಗಿದ್ದು ಹೆಚ್ಚಾಗಿ ಮಂಗದ ಮೈ.

ಚಿಂಪಾಂಜಿಗಳ ಕತೆ ಇದಕ್ಕೆ ಇನ್ನೊಂದು ಸಾಕ್ಷಿ. ಚಿಂಪಾಂಜಿಗಳು ಚಿಕ್ಕ ಮಂಗಗಳನ್ನು ಬೇಟೆಯಾಡಿ ತಿನ್ನುತ್ತವೆ. ಹಾಗೆ ಬೇಟೆಯಿಂದ ಎರಡು ಬಗೆಯ ಮಂಗಗಳ ವೈರಸ್ಸುಗಳು ಚಿಂಪಾಂಜಿಯ ಮೈಸೇರಿ, ಬೆರೆತು, ಒಂದು ಹೊಸ ತಳಿಯಾಯಿತು. ಅವುಗಳಲ್ಲಿ ಒಂದು ಈಗ ಹೇಳಿದ ಕೆಂಪು ಟೋಪಿಯ ಮ್ಯಾಂಗಬೇಯದು. ಮಂಗಗಳ ಲೆಕ್ಕದಲ್ಲಿ ಚಿಂಪಾಂಜಿಗೆ ಇದು ಹೊಸ ನೆಂಟ. ಜೇನ್ ಗುಡಾಲ್ ಅವರು 1960ರಿಂದ ಚಿಂಪಾಂಜಿಗಳನ್ನು ಅಭ್ಯಾಸ ಮಾಡಿದ ತಾಂಜಾನಿಯಾದ ಗೊಂಬೆ ಕಾಡಿನಲ್ಲಿ, ಅವುಗಳ ಹಿಕ್ಕೆ ಮೂತ್ರಗಳನ್ನು ಸಂಗ್ರಹಿಸಿ ವರ್ಷಗಟ್ಟಲೆ ಪರೀಕ್ಷಿಸಿದರು. 2009ರಲ್ಲಿ ಫಲಿತಾಂಶ ಬಂತು. ಸೋಂಕಿರುವ ಚಿಂಪಾಂಜಿ ಅದೇ ವಯಸ್ಸಿನ ಸೋಂಕಿಲ್ಲದ ಚಿಂಪಾಂಜಿಗಿಂತ ಸಾಯುವ ಸಾಧ್ಯತೆ 10ರಿಂದ 16 ಪಟ್ಟು ಹೆಚ್ಚು. ಮಂಗಗಳಲ್ಲಿ ತಣ್ಣಗಿದ್ದದ್ದು ಚಿಂಪಾಂಜಿಯಲ್ಲಿ ಬಿಸಿಯಾಯಿತು.

ಅಲ್ಲಿಂದ ನಮಗೆ. ಆಗ್ನೇಯ ಕ್ಯಾಮರೂನಿನ ಚಿಂಪಾಂಜಿಗಳಲ್ಲಿರುವ ಎಸ್‌ಐವಿಗೂ ಜಗತ್ತಿನಾದ್ಯಂತ ಹರಡಿರುವ ಎಚ್‌ಐವಿಗೂ ಬಹಳ ಹತ್ತಿರದ ಸಂಬಂಧವಿದೆ. ಕಾಡುಪ್ರಾಣಿಯನ್ನು ಬೇಟೆಯಾಡಿ ಮಾಂಸ ಮಾಡುವಾಗ ಕೈಯ ಗಾಯಕ್ಕೆ ರಕ್ತ ತಾಗಿ ದಾಟಿರಬೇಕು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಅದು ಸುಮಾರು 1900ರ ಆಚೀಚೆ. ಆಮೇಲೆ ವಸಾಹತು ಕಾಲದ ನದಿ ದಾರಿ, ರೈಲು ದಾರಿ ಹಿಡಿದು ಈಗ ಕಿನ್ಶಾಸಾ ಎನ್ನುವ ಪಟ್ಟಣದಿಂದ ಅದು ಲೋಕಕ್ಕೆ ಹೊರಟಿತು. ಮ್ಯಾಂಗಬೇಯ ವೈರಸ್ ಬೇರೆಯಾಗಿ ಪಶ್ಚಿಮ ಆಫ್ರಿಕದಲ್ಲಿ ಮನುಷ್ಯನಿಗೆ ದಾಟಿ ಎಚ್‌ಐವಿ-2 ಆಯಿತು. 1986ರಲ್ಲಿ ಪತ್ತೆಯಾದ ಅದು ನಿಧಾನದ್ದು. ಅದು ತಗುಲಿದ ಎಷ್ಟೋ ಜನರಿಗೆ ಏಡ್ಸ್ ಬರುವುದೇ ಇಲ್ಲ.

ಎಲ್ಲ ವೈರಸ್ ಎಲ್ಲರ ಮೈಗೂ ದಾಟುವುದಿಲ್ಲ. ಒಂದೊಂದು ಜಾತಿಗೂ ಅದರದೇ ಬೇಲಿಯಿದೆ. ರೀಸಸ್ ಕೋತಿಗೆ ಮನುಷ್ಯನ ಎಚ್‌ಐವಿಯನ್ನು ಚುಚ್ಚಿದರೆ ಅದು ಬೇರೂರುವುದಿಲ್ಲ. ಅದರ ಜೀವಕೋಶದಲ್ಲಿ ಟ್ರಿಮ್5 ಎಂಬ ಒಂದು ಪ್ರೋಟೀನು ಎಚ್‌ಐವಿ ಒಳಗೆ ಬರುತ್ತಿದ್ದಂತೆ ಅದರ ಕವಚವನ್ನು ಹಿಡಿದು ಕೆಡಿಸುತ್ತದೆ ಎಂದು 2004ರಲ್ಲಿ ತಿಳಿಯಿತು. ನಮ್ಮಲ್ಲೂ ಆ ಪ್ರೋಟೀನು ಇದೆ. ಆದರೆ ನಮ್ಮ ಕಾವಲುಗಾರನಿಗೆ ಈ ಕಳ್ಳನ ಗುರುತು ಸರಿಯಾಗಿ ಸಿಗುವುದಿಲ್ಲ.

ಮನುಷ್ಯ ಮಂಗದ ಹಾಗೆ ಸಾವಿರ ತಲೆಮಾರು ಕಾಯುವ ಹಾಗಿಲ್ಲ. ನಮಗೆ ಔಷಧ ಬೇಕಾಯಿತು. ಅದರಲ್ಲೂ ಮಂಗಗಳ ಋಣವಿದೆ. ಎಸ್‌ಐವಿ ಚುಚ್ಚಿದ ಕೋತಿಗಳಿಗೆ ಟೆನೊಫೊವಿರ್ ಎಂಬ ಔಷಧವನ್ನು ಅದೇ ಹೊತ್ತಿನ ಆಸುಪಾಸಿನಲ್ಲಿ ಕೊಡಲು ಶುರುಮಾಡಿ ಕೆಲವು ವಾರ ಮುಂದುವರಿಸಿದರೆ ಸೋಂಕೇ ನಿಲ್ಲುವುದಿಲ್ಲ ಎಂದು 1995ರಲ್ಲಿ ಪ್ರಕಟವಾಯಿತು. ಇವತ್ತು ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ದಿನಕ್ಕೊಂದು ಎಂದು ಕೊಡುವ ಮಾತ್ರೆಯಲ್ಲಿರುವ ಮೂರು ಔಷಧಗಳ ಪೈಕಿ ಟೆನೊಫೊವಿರ್ ಒಂದು. 2004ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಏಡ್ಸ್ ಔಷಧವನ್ನು ಉಚಿತವಾಗಿ ಕೊಡಲು ಶುರುವಾಯಿತು. ತಪ್ಪದೆ ಮಾತ್ರೆ ತೆಗೆದುಕೊಂಡವರು ಎಲ್ಲರಂತೆ ದುಡಿಯುತ್ತಾರೆ, ಮದುವೆ ಮಕ್ಕಳು ಎಂದು ಬಾಳುತ್ತಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ದಾಂಪತ್ಯದಿಂದಲೂ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೂ ಅವರ ಮೈಯ ಗದ್ದಲ ಪೂರ್ತಿ ಅಡಗುವುದಿಲ್ಲ, ಒಳಗೊಳಗೇ ಸ್ವಲ್ಪ ಉರಿ ಉಳಿಯುತ್ತದೆ. ಆ ಉರಿಯನ್ನು ಆರಿಸುವ ದಾರಿಯನ್ನು ಹುಡುಕುವವರು ಇವತ್ತಿಗೂ ಮ್ಯಾಂಗಬೇಯ ಕಡೆ ನೋಡುತ್ತಿದ್ದಾರೆ. 2018ರಲ್ಲಿ ಅದರ ಪೂರ್ತಿ ಜೀನೋಮನ್ನೇ ಓದಿ ಪ್ರಕಟಿಸಿದ್ದಾರೆ.

ಮಗೂ, ನಿನ್ನ ಪ್ರಶ್ನೆಗೆ ನನ್ನ ವಿಜ್ಞಾನದ ಉತ್ತರ ಇಲ್ಲಿಗೆ ಮುಗಿಯಿತು. ಇನ್ನೊಂದು ಉತ್ತರ ಬಾಕಿಯಿದೆ. ಅದನ್ನು ಹೇಳುವುದಕ್ಕೇ ನಾನು ಕಾಲುಬಾಯಿ ಜ್ವರವನ್ನು ಬಿಟ್ಟು ಈ ವಿಷಯ ಹಿಡಿದದ್ದು.

ನನ್ನ ಜೊತೆ ಇದೇ ಶಾಲೆಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಕೂರುತ್ತಿದ್ದ. ಹೆಸರು ಹೇಳುವುದಿಲ್ಲ. ಯಾರು ಎಂದು ನೀವೂ ಲೆಕ್ಕ ಹಾಕಬೇಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಅವನು ಮುಂಬಯಿಯ ಹೋಟೆಲಿಗೆ ಹೋದ. ಹದಿನೈದು ವರ್ಷದ ಮೇಲೆ, 1998ರಲ್ಲಿ, ಕಾಯಿಲೆ ಹೊತ್ತು ಊರಿಗೆ ಬಂದ. ಊರಿಗೆ ವಿಷಯ ಗೊತ್ತಾಯಿತು. ಕ್ಷೌರಕ್ಕೆ ಕೂರಿಸಿಕೊಳ್ಳುವವರಿಲ್ಲ. ಬಾವಿಯ ಹಗ್ಗ ಮುಟ್ಟಬೇಡ ಎಂದರು. ಮದುವೆ ಮನೆಯ ಪಂಕ್ತಿಯಲ್ಲಿ ಅವನ ಅಕ್ಕಪಕ್ಕದವರು ಎದ್ದುಹೋದರು.

ದೀಪಾವಳಿಗೆ ಬಂದಿದ್ದ ನಾನು ಅವನನ್ನು ನೋಡಲು ಹೋದೆ. ಆಗಲೇ ನಾನು ಕಾಲೇಜಿನಲ್ಲಿ ವೈರಸ್ಸುಗಳ ಪಾಠ ಮಾಡುವ ಮೇಷ್ಟ್ರು. ನೀರಿನಿಂದ, ಲೋಟದಿಂದ, ಮುಟ್ಟುವುದರಿಂದ, ಒಟ್ಟಿಗೆ ಉಣ್ಣುವುದರಿಂದ ಎಚ್‌ಐವಿ ಹರಡುವುದಿಲ್ಲ ಎಂದು ಅದೇ ವಾರ ಬೋರ್ಡಿನ ಮೇಲೆ ಬರೆದು ಬಂದಿದ್ದೆ. ಅವನ ತಾಯಿ ಬೆಲ್ಲ, ಒಂದು ಲೋಟ ನೀರು ತಂದಿಟ್ಟರು. ನಾನು, "ಈಗಷ್ಟೇ ಮನೇಲಿ ಕುಡಿದು ಬಂದೆ ಅಮ್ಮ" ಎಂದೆ. ಆ ತಾಯಿ ಏನೂ ಹೇಳಲಿಲ್ಲ. ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅವನು ಗೋಡೆಯ ಕಡೆ ನೋಡಿದ.

ಮುಂದಿನ ವರ್ಷ ಅವನು ತೀರಿಕೊಂಡ. ಇನ್ನು ಐದು ವರ್ಷ ಬದುಕಿದ್ದರೆ ಉಚಿತ ಮಾತ್ರೆ ಸಿಗುತ್ತಿತ್ತು. ಅವನನ್ನು ವೈರಸ್ ಕೊಂದಿತು, ನಿಜ. ಆದರೆ ಅವನು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟದ್ದು, ಊಟ ಬಿಟ್ಟದ್ದು, ಮಾತು ಬಿಟ್ಟದ್ದು ವೈರಸ್ಸಿನಿಂದಲ್ಲ. ಒಂದು ಹಂದಿಗೆ ಹೆದರಿ ಇಡೀ ಗದ್ದೆ ತುಳಿದವರು ನಾವು. ತುಳಿದವರಲ್ಲಿ ನಾನೂ ಒಬ್ಬ. ಅದೂ ಎಲ್ಲ ತಿಳಿದವನು.

ಈ ಮಾತನ್ನು ಇಪ್ಪತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಆ ತಾಯಿ ಈಗಿಲ್ಲ, ಕ್ಷಮೆ ಕೇಳಲು ಬರುವುದಿಲ್ಲ. ಆದ್ದರಿಂದ ಅವನು ಓದಿದ ಶಾಲೆಯ ಅಂಗಳದಲ್ಲಿ ನಿಂತು ಹೇಳುತ್ತಿದ್ದೇನೆ.

ಈಗ ಕಾನೂನೂ ಇದೆ. 2017ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯ ಪ್ರಕಾರ ಎಚ್‌ಐವಿ ಇದೆ ಎಂಬ ಕಾರಣಕ್ಕೆ ಯಾರನ್ನೂ ಶಾಲೆಯಿಂದ, ಕೆಲಸದಿಂದ, ಆಸ್ಪತ್ರೆಯಿಂದ ದೂರ ಇಡುವ ಹಾಗಿಲ್ಲ. ಒಬ್ಬರಿಗೆ ಸೋಂಕಿದೆ ಎಂಬುದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವ ಹಾಗಿಲ್ಲ. ಸಂಶಯವಿದ್ದವರು ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ಹೋಗಬಹುದು. ಹೋಗಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು, ಹಣ ಕೊಡಬೇಕಾಗಿಲ್ಲ. ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಈ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಬರೆಸಿ. ಪಠ್ಯದಲ್ಲಿರುವ ಆ ಒಂದು ಪುಟವನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಸಬೇಡಿ. ನಮ್ಮ ಕಾಲದಲ್ಲಿ ಸಂತಾನೋತ್ಪತ್ತಿಯ ಪಾಠವನ್ನು ಹಾಗೆಯೇ ದಾಟಿಸಿದ್ದರು.

ಮಗೂ, ನೀನು ಕೇಳಿದ್ದು ಮಂಗನ ಬಗ್ಗೆ. ಮಂಗಕ್ಕೆ ಬಾಳೆಹಣ್ಣು ಕೊಡಬೇಡ, ಕಚ್ಚಿದರೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಗುತ್ತದೆ. ಅಷ್ಟು ಜಾಗ್ರತೆ ಸಾಕು. ಆದರೆ ಏಡ್ಸಿನ ಹೆಸರಿನಲ್ಲಿ ಅದಕ್ಕೆ ಕಲ್ಲು ಹೊಡೆಯಬೇಡ. ಅದರದೇನೂ ತಪ್ಪಿಲ್ಲ. ಮುಂದೆ ನೀನು ಡಾಕ್ಟರಾಗಬಹುದು, ವಿಜ್ಞಾನಿಯಾಗಬಹುದು, ಇದೇ ಶಾಲೆಗೆ ಟೀಚರಾಗಿ ಬರಬಹುದು. ಅಥವಾ ಇಲ್ಲೇ ತೋಟ ಮಾಡಿಕೊಂಡಿರಬಹುದು. ಏನೇ ಆಗು, ಒಂದು ದಿನ ಯಾರದೋ ಮನೆಯಲ್ಲಿ ನಿನ್ನ ಮುಂದೆ ಒಂದು ಲೋಟ ನೀರು ಬಂದೀತು. ಕುಡಿ.

 ಶಾಲೆ ನೂರು ತುಂಬಿಸಲಿ.